ಫ್ರಾನ್ಸಿನ ಎಸ್ಟೆವೆಲ್‌ನಲ್ಲಿ ಮಲಗಿರುವ ಇಂದ್ರಲಾಲ್ ರಾಯ್: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿನ ಉತ್ತರ ಭಾಗದಲ್ಲಿ ಎಸ್ಟೆವೆಲ್ ಅಂತ ಒಂದು ಚಿಕ್ಕ ಊರಿದೆ. ಆ ಊರಿನ ಸ್ಮಶಾನದಲ್ಲಿ ಕೋಲ್ಕತ್ತಾದ ಒಬ್ಬ ಪೈಲಟ್ ನೂರು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಮಲಗಿದ್ದಾರೆ. ಎರಡು ವರ್ಷದ ಹಿಂದೆ ನಾನು, ನನ್ನ ಚಿಕ್ಕಮ್ಮ ಹೋಗಿ ನೋಡಿ ಬಂದೆವು. ಬಂದ ಮೇಲೆ ನೆಂಟರು, ಸ್ನೇಹಿತರು, ಅವರ ಸ್ನೇಹಿತರು ಎಲ್ಲರೂ ಕೇಳಿದ್ದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಹೇಳುತ್ತಾ ಹೇಳುತ್ತಾ, ಒಂದು ಕಡೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ಇಂದ್ರಲಾಲ್ ರಾಯ್ ಅಂದರೆ ಯಾರು?

ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಭಾರತೀಯ ಯುದ್ಧ ವಿಮಾನದ ಪೈಲಟ್. ಹುಟ್ಟಿದ್ದು 2 ಡಿಸೆಂಬರ್ 1898, ಕೋಲ್ಕತ್ತಾದಲ್ಲಿ. ಮನೆಯಲ್ಲಿ, ಸ್ನೇಹಿತರ ನಡುವೆ 'ಲ್ಯಾಡಿ' ಅಂತ ಕರೆಯುತ್ತಿದ್ದರು. ಅಪ್ಪ ಪಿಯಾರಿಲಾಲ್ ರಾಯ್ ಬ್ಯಾರಿಸ್ಟರ್. ಅಮ್ಮ ಲೋಲಿತಾ ರಾಯ್ ಲಂಡನ್ನಿನಲ್ಲಿ ಹೆಂಗಸರ ಮತದ ಹಕ್ಕಿಗಾಗಿ ದುಡಿದವರು. 1911ರ ಜೂನ್‌ನಲ್ಲಿ ಅಲ್ಲಿ ನಡೆದ ಹೆಂಗಸರ ದೊಡ್ಡ ಮೆರವಣಿಗೆಯಲ್ಲಿ ಸೀರೆ ಉಟ್ಟ ಭಾರತೀಯ ಹೆಂಗಸರ ಸಾಲೊಂದು ಇತ್ತು, ಅದರಲ್ಲಿ ಅವರೂ ನಡೆದರು. ಅಣ್ಣ ಪರೇಶ್‌ಲಾಲ್ ಭಾರತದಲ್ಲಿ ಬಾಕ್ಸಿಂಗ್ ಬೆಳೆಸಿದವರು ಅಂತ ಹೆಸರಾದರು. ಅಂಥ ಮನೆ ಅದು.

ಇಂದ್ರಲಾಲ್ ಓದಿದ್ದು ಲಂಡನ್ನಿನ ಸೇಂಟ್ ಪಾಲ್ಸ್ ಸ್ಕೂಲಿನಲ್ಲಿ. ಆಕ್ಸ್‌ಫರ್ಡಿಗೆ ಹೋಗಲು ಸ್ಕಾಲರ್‌ಶಿಪ್ ಸಿಕ್ಕಿತ್ತು. ಹೋಗಲಿಲ್ಲ. ಯುದ್ಧಕ್ಕೆ ಹೋದರು. ತೀರಿಕೊಂಡಾಗ ವಯಸ್ಸು ಹತ್ತೊಂಬತ್ತು. ನನ್ನ ತಮ್ಮನ ಮಗನಿಗೂ ಈಗ ಅಷ್ಟೇ ವಯಸ್ಸು. ಆದರೂ ಇವರ ವಿಷಯ ಬಂದರೆ ಬಾಯಿಗೆ 'ಅವರು' ಅಂತಲೇ ಬರುತ್ತದೆ.

ಅಂದರೆ ಭಾರತೀಯ ವಾಯುಪಡೆಯವರಾ?

ಅಲ್ಲ. ನಮ್ಮ ವಾಯುಪಡೆ ಶುರುವಾಗಿದ್ದೇ 8 ಅಕ್ಟೋಬರ್ 1932ಕ್ಕೆ. ಇಂದ್ರಲಾಲ್ ಸೇರಿದ್ದು ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್. ಅದೇ 1 ಏಪ್ರಿಲ್ 1918ರಂದು ನೌಕಾದಳದ ವಿಮಾನ ವಿಭಾಗದ ಜೊತೆ ಸೇರಿ ರಾಯಲ್ ಏರ್ ಫೋರ್ಸ್ ಆಯಿತು. ಹಾಗಾಗಿ ಅವರು ಸೇರಿದ್ದು ಒಂದು ಹೆಸರಿನ ಪಡೆಗೆ, ಪ್ರಾಣ ಬಿಟ್ಟಿದ್ದು ಇನ್ನೊಂದು ಹೆಸರಿನ ಪಡೆಯಲ್ಲಿ. ದಾಖಲೆಗಳಲ್ಲಿ ಎರಡೂ ಹೆಸರು ಕಂಡರೆ ಗಲಿಬಿಲಿ ಆಗಬೇಡಿ.

ಆ ಕಾಲದಲ್ಲಿ ಬ್ರಿಟಿಷರು ಒಬ್ಬ ಭಾರತೀಯನನ್ನು ಪೈಲಟ್ ಮಾಡಿದ್ದು ಹೇಗೆ?

ಸುಲಭವಾಗಿ ಮಾಡಲಿಲ್ಲ. ಸೈನ್ಯದಲ್ಲಿ ಭಾರತೀಯ ಸಿಪಾಯಿಗಳು ಲಕ್ಷಗಟ್ಟಲೆ ಇದ್ದರು, ಆದರೆ ಬಿಳಿಯರಿಗೆ ಸಮಾನ ದರ್ಜೆಯ ಅಧಿಕಾರಿ ಪದವಿ ಭಾರತೀಯನಿಗೆ ಸಿಗುವುದು ಕನಸಿನ ಮಾತು. ವಿಮಾನ ಪಡೆ ಹೊಸದು, ಪೈಲಟ್‌ಗಳು ಬೇಗ ಬೇಗ ಸಾಯುತ್ತಿದ್ದರು, ಜನ ಸಾಲುತ್ತಿರಲಿಲ್ಲ. ಆ ಸಂದಿಯಲ್ಲಿ ಇಂಗ್ಲೆಂಡಿನಲ್ಲೇ ಓದುತ್ತಿದ್ದ ಕೆಲವೇ ಕೆಲವು ಭಾರತೀಯ ಹುಡುಗರು ಒಳಗೆ ಹೋದರು. ಇಂದ್ರಲಾಲ್ 5 ಜುಲೈ 1917ರಂದು ಸೆಕೆಂಡ್ ಲೆಫ್ಟಿನೆಂಟ್ ಆದರು. ಆಗ ಹದಿನೆಂಟು ವರ್ಷ.

ಕಣ್ಣು ಸರಿ ಇಲ್ಲ ಅಂತ ವಾಪಸ್ ಕಳಿಸಿದ್ದರಂತೆ, ಹೌದಾ?

ಹೌದು. ದೃಷ್ಟಿ ಸಾಲದು ಅಂತ ಮೊದಲು ತಿರಸ್ಕರಿಸಿದರು. ಅವರು ತಮ್ಮ ಮೋಟಾರ್ ಸೈಕಲ್ ಮಾರಿ, ಆ ದುಡ್ಡಿನಲ್ಲಿ ದೊಡ್ಡ ಕಣ್ಣಿನ ಡಾಕ್ಟರ್ ಒಬ್ಬರ ಹತ್ತಿರ ಮತ್ತೆ ಪರೀಕ್ಷೆ ಮಾಡಿಸಿಕೊಂಡರು ಅಂತ ಹೇಳುತ್ತಾರೆ. ಎರಡನೇ ಅಭಿಪ್ರಾಯ ಅವರ ಪರವಾಗಿ ಬಂತು. ಆ ವಯಸ್ಸಿನ ಹುಡುಗ ಗಾಡಿ ಮಾರುತ್ತಾನೆ ಅಂದರೆ ಎಷ್ಟು ಹಟ ಇರಬೇಕು ಅಲ್ವಾ?

ಸತ್ತಿದ್ದಾರೆ ಅಂತ ಶವಾಗಾರಕ್ಕೆ ಹಾಕಿದ್ದರು, ಎದ್ದು ಬಾಗಿಲು ಬಡಿದರು ಅನ್ನೋ ಕಥೆ?

ಜನ ಮೊದಲು ಕೇಳೋದೇ ಇದನ್ನು. ದಾಖಲೆಯಲ್ಲಿ ಗಟ್ಟಿಯಾಗಿ ನಿಲ್ಲುವುದು ಇಷ್ಟು: 30 ಅಕ್ಟೋಬರ್ 1917ರಂದು 56ನೇ ಸ್ಕ್ವಾಡ್ರನ್, ಅಂದರೆ ವಿಮಾನ ದಳ, ಸೇರಿದರು, 6 ಡಿಸೆಂಬರ್‌ಗೆ ಅವರ ವಿಮಾನ ನೆಲಕ್ಕೆ ಅಪ್ಪಳಿಸಿತು, ಪೆಟ್ಟು ಜೋರಾಗಿತ್ತು, ಹಾರಲು ಯೋಗ್ಯರಲ್ಲ ಅಂತ ವೈದ್ಯರು ಬರೆದರು. ಶವಾಗಾರದ ಬಾಗಿಲಿನ ಕಥೆ ಅದರ ಜೊತೆ ಬಾಯಿಂದ ಬಾಯಿಗೆ ಬಂದಿದೆ. ಕೇಳಲು ಮೈ ಜುಂ ಅನ್ನುತ್ತದೆ. ಆದರೆ ನಾನು ಮಕ್ಕಳಿಗೆ ಹೇಳುವಾಗ ಅದಕ್ಕಿಂತ ಅದರ ಮುಂದಿನದನ್ನು ಹೇಳುತ್ತೇನೆ. ಚೇತರಿಸಿಕೊಳ್ಳುತ್ತಿದ್ದ ಆ ತಿಂಗಳುಗಳಲ್ಲಿ ಈ ಹುಡುಗ ವಿಮಾನಗಳ ಚಿತ್ರ ಬರೆಯುತ್ತಾ ಕೂತಿದ್ದ. ಮತ್ತೆ ಹಾರಲು ಬಿಡಿ ಅಂತ ಮೇಲಿನವರ ಬೆನ್ನು ಬಿದ್ದ. ಕೊನೆಗೆ 1918ರ ಜೂನ್‌ನಲ್ಲಿ 40ನೇ ಸ್ಕ್ವಾಡ್ರನ್ನಿಗೆ ಕಳಿಸಿದರು. ಅಲ್ಲಿ ಅವರ ತುಕಡಿಯ ನಾಯಕ ಜಾರ್ಜ್ ಮ್ಯಾಕೆಲ್ರಾಯ್ ಅನ್ನುವ ಐರಿಷ್ ಪೈಲಟ್, ಆಗಲೇ ಹೆಸರು ಮಾಡಿದ್ದವರು. ಅವರ ಕೈಕೆಳಗೆ ಇಂದ್ರಲಾಲ್ ಪಳಗಿದರು.

ಹದಿಮೂರು ದಿನದಲ್ಲಿ ಅವರು ಗೆದ್ದದ್ದು ಒಂಬತ್ತು ಶತ್ರು ವಿಮಾನವೋ ಹತ್ತೋ?

ಎರಡೂ ಲೆಕ್ಕ ಬರೆದಿರುತ್ತಾರೆ, ಹಾಗಾಗಿ ಜಗಳ. ದಿನಗಳ ಪ್ರಕಾರ ನೋಡಿದರೆ ಹೀಗಿದೆ. ಜುಲೈ 6ಕ್ಕೆ ಒಂದು. 8ಕ್ಕೆ ನಾಲ್ಕು ಗಂಟೆಯ ಒಳಗೆ ಮೂರು. 13ಕ್ಕೆ ಎರಡು, 15ಕ್ಕೆ ಎರಡು, 18ಕ್ಕೆ ಒಂದು, 19ಕ್ಕೆ ಒಂದು. ಕೂಡಿಸಿದರೆ ಹತ್ತು. ಅದರಲ್ಲಿ ಎರಡು ಜೊತೆಗಾರರ ಜೊತೆ ಹಂಚಿಕೊಂಡವು. ಆದರೆ ಅವರಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಘೋಷಿಸಿದ 21 ಸೆಪ್ಟೆಂಬರ್ 1918ರ ಲಂಡನ್ ಗೆಜೆಟ್‌ನಲ್ಲಿ ಹದಿಮೂರು ದಿನದಲ್ಲಿ ಒಂಬತ್ತು ಅಂತಿದೆ. ಇನ್ನೊಂದು ಮಾತು: ಆ ಕಾಲದ ಬ್ರಿಟಿಷ್ ಲೆಕ್ಕದಲ್ಲಿ ಹತೋಟಿ ತಪ್ಪಿ ಕೆಳಗಿಳಿದ ಶತ್ರು ವಿಮಾನವನ್ನೂ ಗೆಲುವು ಅಂತಲೇ ಎಣಿಸುತ್ತಿದ್ದರು. ಹತ್ತರಲ್ಲಿ ಐದು ಆ ತರದವು.

ಐದು ಅಥವಾ ಅದಕ್ಕಿಂತ ಜಾಸ್ತಿ ಗೆಲುವು ಇದ್ದರೆ 'ಏಸ್' ಅಂತ ಕರೆಯುವ ರೂಢಿ. ಹಾಗೆ ನೋಡಿದರೆ ಮೊದಲ ಮಹಾಯುದ್ಧದ ಏಕೈಕ ಭಾರತೀಯ ಏಸ್ ಇವರೇ. ಆ ಪದಕ ಪಡೆದ ಮೊದಲ ಭಾರತೀಯರೂ ಇವರೇ. ಪದಕ ಘೋಷಣೆ ಆಗುವಷ್ಟರಲ್ಲಿ ಅವರು ತೀರಿಕೊಂಡು ಎರಡು ತಿಂಗಳಾಗಿತ್ತು.

ಹೇಗೆ ತೀರಿಕೊಂಡರು?

22 ಜುಲೈ 1918. ಕಾರ್ವ್ಯಾನ್ ಅನ್ನುವ ಊರಿನ ಮೇಲೆ ಜರ್ಮನ್ನರ 29ನೇ ಯಾಗ್ಡ್‌ಸ್ಟಾಫೆಲ್‌ನ (ಯುದ್ಧ ವಿಮಾನ ದಳ) ಫೋಕರ್ ಡಿ-7 ವಿಮಾನಗಳ ಜೊತೆ ಕಾಳಗ ನಡೆದು ಅವರ ವಿಮಾನ ಬಿತ್ತು. ಇಂದ್ರಲಾಲ್ ಹಾರಿಸುತ್ತಿದ್ದದ್ದು ಎಸ್‌ಇ-5ಎ. ಒಬ್ಬರೇ ಕೂರುವ ವಿಮಾನ, ಮರದ ಚೌಕಟ್ಟು, ಮೇಲೆ ಬಟ್ಟೆ ಹೊದಿಕೆ, ಎದುರಿಗೇ ಎಂಜಿನ್ ಮತ್ತು ಪೆಟ್ರೋಲ್. ಬೆಂಕಿ ಹತ್ತಿದರೆ ಓಡುವುದು ಎಲ್ಲಿಗೆ? ಬ್ರಿಟಿಷ್ ವಿಮಾನ ಪೈಲಟ್‌ಗಳಿಗೆ ಆಗ ಪ್ಯಾರಾಚೂಟ್ ಕೊಡುತ್ತಿರಲಿಲ್ಲ. ಜರ್ಮನ್ನರು ಅದೇ ವರ್ಷ ಕೊಡಲು ಶುರು ಮಾಡಿದ್ದರು. ನನಗೆ ಈ ಒಂದು ವಿಷಯ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಒಂಬತ್ತು ದಿನ ಕಳೆದು, ಜುಲೈ 31ಕ್ಕೆ ಅವರ ನಾಯಕ ಮ್ಯಾಕೆಲ್ರಾಯ್ ಕೂಡ ಹೋದರು.

ಸಮಾಧಿ ನಿಜವಾಗಿ ಎಲ್ಲಿದೆ? ದೊಡ್ಡ ಸೈನಿಕ ಸ್ಮಶಾನವಾ?

ಅಲ್ಲ. ಸಾಲು ಸಾಲು ಬಿಳಿ ಕಲ್ಲುಗಳ ವಿಶಾಲ ಹುಲ್ಲುಗಾವಲು ಅಂದುಕೊಂಡು ಹೋಗಬೇಡಿ. ಇದು ಊರವರ ಸ್ಮಶಾನ, ಎಸ್ಟೆವೆಲ್ ಕಮ್ಯೂನಲ್ ಸೆಮೆಟರಿ. ಊರಿನ ಮನೆತನಗಳ ಗ್ರಾನೈಟ್ ಗೋರಿಗಳು, ಅವುಗಳ ಮೇಲೆ ಪಿಂಗಾಣಿ ಹೂಗಳು, ಅವುಗಳ ನಡುವೆ ಈ ಯುದ್ಧದ ಸಮಾಧಿ. ಊರು ಇರುವುದು ಪಾ-ದ-ಕಾಲೆ ಜಿಲ್ಲೆಯಲ್ಲಿ, ಲಾನ್ಸ್ ಪಟ್ಟಣದಿಂದ ಹತ್ತು ಕಿಲೋಮೀಟರ್ ಆಸುಪಾಸು. ಅವರು ಬಿದ್ದ ಕಾರ್ವ್ಯಾನ್ ಪಕ್ಕದಲ್ಲೇ ಇದೆ. ಆಗ ಆ ಸೀಮೆಯೆಲ್ಲ ಜರ್ಮನ್ನರ ಕೈಯಲ್ಲಿತ್ತು, ಹಾಗಾಗಿ ಬಿದ್ದ ಕಡೆಯೇ ಮಣ್ಣಾದರು. ನೋಡಿಕೊಳ್ಳುವುದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್, ಬ್ರಿಟಿಷ್ ಸಾಮ್ರಾಜ್ಯದ ಕಡೆ ಯುದ್ಧದಲ್ಲಿ ಸತ್ತವರ ಸಮಾಧಿ ಕಾಯುವ ಸಂಸ್ಥೆ.

ದೇಹವನ್ನು ಕೋಲ್ಕತ್ತಾಗೆ ತರಬಹುದಿತ್ತಲ್ಲ?

ಯಾರದ್ದನ್ನೂ ತರಲಿಲ್ಲ. ಈ ಕಮಿಷನ್ ಹುಟ್ಟಿದ್ದು 1917ರ ಮೇ ತಿಂಗಳಲ್ಲಿ, ಫೇಬಿಯನ್ ವೇರ್ ಅನ್ನುವವರ ಹಟದಿಂದ. ಆಗ ಹೆಸರು ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್, 1960ರಲ್ಲಿ ಬದಲಾಯಿತು. ಅವರ ನಿಯಮ ಕಟ್ಟುನಿಟ್ಟು: ದುಡ್ಡಿದ್ದವರು ಮಗನ ದೇಹ ಮನೆಗೆ ತರಿಸಿಕೊಳ್ಳುವುದು, ಬಡವರ ಮಗ ಅಲ್ಲೇ ಉಳಿಯುವುದು, ಇದು ಆಗಕೂಡದು. ಲಾರ್ಡ್ ಮಗನೂ ಅಲ್ಲೇ, ಗಣಿ ಕೆಲಸದವನ ಮಗನೂ ಅಲ್ಲೇ. ಇಂಗ್ಲೆಂಡಿನ ಎಷ್ಟೋ ತಾಯಂದಿರು ಅತ್ತು ಅರ್ಜಿ ಕೊಟ್ಟರು. ಒಪ್ಪಲಿಲ್ಲ.

ಹಿಂದೂ ಮನೆತನದವರು ಅಲ್ವಾ, ಸುಡದೆ ಹೂತಿದ್ದು ಯಾಕೆ?

ಚಿಕ್ಕಮ್ಮ ಕಾರಿನಲ್ಲಿ ಮೂರು ಸಲ ಕೇಳಿದ ಪ್ರಶ್ನೆ ಇದು. ಹೇಳಿದೆನಲ್ಲ, ಬಿದ್ದದ್ದು ಶತ್ರುಗಳ ನೆಲದಲ್ಲಿ. ಸೌದೆ ಇಲ್ಲ, ಮಂತ್ರ ಹೇಳುವವರಿಲ್ಲ, ಬಾಯಿಗೆ ನೀರು ಬಿಡುವ ಬಂಧುಗಳಿಲ್ಲ. ಸಾಧ್ಯ ಇದ್ದ ಕಡೆ ಬೇರೆ ತರ ಆಯಿತು. ಫ್ರಾನ್ಸಿನಲ್ಲಿ ಗಾಯಗೊಂಡು ಇಂಗ್ಲೆಂಡಿನ ಬ್ರೈಟನ್ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ಪ್ಯಾಚಮ್ ಅನ್ನುವ ಊರಿನ ಹತ್ತಿರ ಗುಡ್ಡದ ಮೇಲೆ ಚಿತೆ ಮಾಡಿ ಸುಟ್ಟರು. ಆ ಜಾಗದಲ್ಲಿ 1921ರಲ್ಲಿ ಅಮೃತಶಿಲೆಯ ಛತ್ರಿ, ಅಂದರೆ ಗುಮ್ಮಟದ ಮಂಟಪ, ಕಟ್ಟಿದರು. ಈಗಲೂ ಇದೆ. ಲಂಡನ್ನಿಗೆ ಹೋಗುವವರು ಒಂದು ದಿನ ಅದಕ್ಕೂ ಇಟ್ಟುಕೊಳ್ಳಿ.

ಸಮಾಧಿಯ ಮೇಲೆ ಏನು ಬರೆದಿದೆ?

ಎರಡು ಭಾಷೆ. ಫ್ರೆಂಚಿನಲ್ಲಿ ಒಂದು ಸಾಲು, 'ತಾನು ಪ್ರೀತಿಸಿದ ಆದರ್ಶಕ್ಕಾಗಿ ಪ್ರಾಣ ಕೊಟ್ಟ' ಅಂತ. ಇನ್ನೊಂದು ಬಂಗಾಳಿಯಲ್ಲಿ. ನನಗಾಗಲಿ ಚಿಕ್ಕಮ್ಮನಿಗಾಗಲಿ ಬಂಗಾಳಿ ಬರುವುದಿಲ್ಲ. ನಿಂತ ಕಡೆಯಿಂದಲೇ ಫೋಟೋ ತೆಗೆದು ಆಫೀಸಿನ ಬಂಗಾಳಿ ಗೆಳೆಯನಿಗೆ ವಾಟ್ಸಾಪ್ ಮಾಡಿದೆ. ಅವನು ಓದಿ ಧ್ವನಿ ಕಳಿಸಿದ: 'ಮಹಾಬೀರೇರ್ ಸಮಾಧಿ, ಸಂಭ್ರಮ್ ದೇಖಾವ್, ಸ್ಪರ್ಶ ಕೋರೋ ನಾ.'

ಫೋನ್ ಸ್ಪೀಕರ್‌ನಲ್ಲಿತ್ತು. ಚಿಕ್ಕಮ್ಮ ಕೇಳಿಸಿಕೊಂಡರು. ಮಹಾವೀರ ಗೊತ್ತಾಯಿತು, ಸಮಾಧಿ ಗೊತ್ತಾಯಿತು, ಸ್ಪರ್ಶ ಗೊತ್ತಾಯಿತು. ಒಂದು ಪದ ಮಾತ್ರ ಅವರಿಗೆ ಚುಚ್ಚಿತು. "ಸಂಭ್ರಮ ತೋರಿಸು ಅಂತನಾ? ಮಗು ಸತ್ತು ಮಲಗಿದೆ, ಇಲ್ಲೇನು ಸಂಭ್ರಮ?" ಅಂದರು. ಗೆಳೆಯನಿಗೆ ಮತ್ತೆ ಕೇಳಿದೆ. ಬಂಗಾಳಿಯಲ್ಲಿ ಆ ಪದಕ್ಕೆ ಗೌರವ ಅಂತ ಅರ್ಥ. ಸಂಸ್ಕೃತದಲ್ಲೂ ಆದರ ಅನ್ನುವ ಅರ್ಥ ಇದೆ, ನಮ್ಮ ದಿನನಿತ್ಯದ ಕನ್ನಡಕ್ಕೆ ಬರುವಷ್ಟರಲ್ಲಿ ಅದು ಮದುವೆ ಮನೆಗೆ ಸೇರಿಕೊಂಡಿದೆ. ಹಾಗಾಗಿ ಸಾಲಿನ ಅರ್ಥ: ಮಹಾವೀರನ ಸಮಾಧಿ ಇದು, ಗೌರವ ತೋರಿಸು, ಮುಟ್ಟಬೇಡ.

ಯೋಚನೆ ಮಾಡಿ. ಸುತ್ತ ಯಾರಿಗೂ ಬಂಗಾಳಿ ಬರದ ಊರು. ಅಲ್ಲಿ ಕಲ್ಲಿನ ಮೇಲೆ ಮನೆ ಮಾತಿನಲ್ಲಿ ಒಂದು ಸಾಲು. ಫ್ರೆಂಚ್ ಸಾಲು ಊರವರಿಗೆ. ಬಂಗಾಳಿ ಸಾಲು ಎಂದೋ ಒಂದು ದಿನ ಅಷ್ಟು ದೂರದಿಂದ ಬರುವ ನಮ್ಮಂಥವರಿಗೆ.

ಕುಂಕುಮ ಇಡಬಹುದಾ? ಕರ್ಪೂರ, ಊದುಬತ್ತಿ ಹಚ್ಚಬಹುದಾ?

ದಯವಿಟ್ಟು ಬೇಡ. ಅರಿಶಿನ, ಕುಂಕುಮ, ಎಣ್ಣೆ ಕಲ್ಲಿನೊಳಗೆ ಇಳಿದರೆ ಹೋಗುವುದಿಲ್ಲ. ಬ್ರಷ್ ತಗೊಂಡು ಪಾಚಿ ಉಜ್ಜುವುದೂ ಬೇಡ, ಕಲ್ಲು ಹಾಳಾಗುತ್ತದೆ, ಅದಕ್ಕೆ ಕಮಿಷನ್ನಿನ ಕೆಲಸದವರು ಇದ್ದಾರೆ. ಚಿಕ್ಕಮ್ಮ ಮೈಸೂರಿಂದ ಒಂದು ಪೊಟ್ಟಣ ಕುಂಕುಮ ತಂದಿದ್ದರು, ನ್ಯೂಸ್‌ಪೇಪರಿನಲ್ಲಿ ಕಟ್ಟಿ, ದಾರ ಸುತ್ತಿ. ಕೈಯಲ್ಲಿ ಹಿಡಿದುಕೊಂಡೇ ಧ್ವನಿ ಕೇಳಿಸಿಕೊಂಡಿದ್ದು. 'ಮುಟ್ಟಬೇಡ' ಅಂದಿದ್ದೇ ತಡ, ದಾರವನ್ನು ಮತ್ತೆ ಎರಡು ಸುತ್ತು ಸುತ್ತಿ ಬ್ಯಾಗಿಗೆ ಹಾಕಿಕೊಂಡರು. ಲಾನ್ಸ್‌ನಲ್ಲಿ ಕೊಂಡ ಹೂಗಳನ್ನು ಕಲ್ಲಿನ ಮುಂದೆ ನೆಲದ ಮೇಲೆ ಇಟ್ಟು, ಚಪ್ಪಲಿ ಬಿಟ್ಟು ಕೈ ಮುಗಿದರು. ಅಷ್ಟು ಸಾಕು. ಹೂವಿನ ಪ್ಲಾಸ್ಟಿಕ್ ಕವರ್ ಮಾತ್ರ ಬಿಚ್ಚಿ ವಾಪಸ್ ತನ್ನಿ.

ಈ ಯುದ್ಧ ಸಮಾಧಿಗಳೆಲ್ಲ ಒಂದೇ ತರ ಇರುವುದು ಯಾಕೆ?

ಕಮಿಷನ್ನಿನ ಎರಡನೇ ನಿಯಮ ಅದು. ಜನರಲ್ ಆಗಲಿ, ಸಿಪಾಯಿ ಆಗಲಿ, ಸಾಮಾನ್ಯವಾಗಿ ಒಂದೇ ಅಳತೆಯ ಕಲ್ಲು. 81 ಸೆಂಟಿಮೀಟರ್ ಎತ್ತರ, 38 ಅಗಲ. ಮೇಲೆ ಪಡೆಯ ಲಾಂಛನ, ಹೆಸರು, ತಾರೀಖು, ವಯಸ್ಸು, ಧರ್ಮದ ಗುರುತು. ಕೆಳಗೆ ಮನೆಯವರು ಕೊಟ್ಟ ಒಂದು ಮಾತು, 66 ಅಕ್ಷರದೊಳಗೆ. ಮೊದಲು ಅದಕ್ಕೆ ಅಕ್ಷರಕ್ಕೆ ಮೂರೂವರೆ ಪೆನ್ಸ್ ಕೇಳುತ್ತಿದ್ದರು. ಇಷ್ಟೇ ಜಾಗದಲ್ಲಿ ಮಗನ ಬಗ್ಗೆ ಏನು ಬರೆಸುತ್ತೀರಿ ಹೇಳಿ? ಇಂಥ ಊರ ಸ್ಮಶಾನಗಳಲ್ಲಿ ಮನೆಯವರು ತಾವೇ ಇಡಿಸಿದ ಕಲ್ಲುಗಳೂ ಅಲ್ಲಲ್ಲಿ ಸಿಗುತ್ತವೆ.

ಆದರೆ ಒಂದು ಕಹಿ ಸತ್ಯ ಹೇಳಲೇಬೇಕು. ಎಲ್ಲರೂ ಸಮಾನ ಅನ್ನುವ ಈ ಮಾತು ಯುರೋಪಿನಲ್ಲಿ ನಡೆದ ಹಾಗೆ ಬೇರೆ ಕಡೆ ನಡೆಯಲಿಲ್ಲ. 2021ರಲ್ಲಿ ಕಮಿಷನ್ನೇ ಒಂದು ವರದಿ ಹೊರಗೆ ತಂದು ಒಪ್ಪಿಕೊಂಡಿತು. ಭಾರತ, ಆಫ್ರಿಕಾ, ಈಜಿಪ್ಟಿನ 45,000ದಿಂದ 54,000 ಜನರನ್ನು ಬೇರೆಯವರಿಗೆ ಸಮನಾಗಿ ಸ್ಮರಿಸಲಿಲ್ಲ. ಇನ್ನು ಕನಿಷ್ಠ 1,16,000 ಜನರ ಹೆಸರನ್ನೇ ಎಲ್ಲೂ ಕೆತ್ತಲಿಲ್ಲ. ಇವರಲ್ಲಿ ಜಾಸ್ತಿ ಜನ ಕಲ್ಲು ಹೊತ್ತವರು, ಸಾಮಾನು ಹೊತ್ತವರು, ಕೂಲಿ ದಳದವರು. ಕಮಿಷನ್ ಕ್ಷಮೆ ಕೇಳಿತು, ಹೆಸರು ಹುಡುಕುವ ಕೆಲಸ ನಡೆಯುತ್ತಿದೆ. ಇಂದ್ರಲಾಲ್‌ಗೆ ಬಂಗಾಳಿಯ ಸಾಲು ಸಿಕ್ಕಿದ್ದು ಅವರು ಅಧಿಕಾರಿ ಆಗಿದ್ದರಿಂದ, ಫ್ರಾನ್ಸಿನಲ್ಲಿ ಸತ್ತಿದ್ದರಿಂದ, ಓದಿದ ಮನೆತನ ಹಿಂದೆ ಇದ್ದಿದ್ದರಿಂದ. ಅದನ್ನು ಮರೆತು ಬರೀ ಈ ಒಂದು ಕಲ್ಲಿನ ಚೆಂದ ಹೇಳಿಕೊಂಡು ಕೂತರೆ ಉಳಿದವರಿಗೆ ಅನ್ಯಾಯ.

ಹಾಗಾದರೆ ಸಮಾಧಿಯೇ ಇಲ್ಲದವರನ್ನು ಎಲ್ಲಿ ನೆನೆಯುತ್ತಾರೆ?

ಗೋಡೆಗಳ ಮೇಲೆ. ಪೈಲಟ್‌ಗಳ ಮಟ್ಟಿಗೆ ಆರಾಸ್ ಪಟ್ಟಣದಲ್ಲಿ ಫ್ಲೈಯಿಂಗ್ ಸರ್ವಿಸಸ್ ಮೆಮೋರಿಯಲ್ ಇದೆ, ಪಶ್ಚಿಮ ರಣರಂಗದಲ್ಲಿ ಕಾಣೆಯಾದ ಸುಮಾರು ಒಂದು ಸಾವಿರ ವಿಮಾನ ಪಡೆಯವರ ಹೆಸರು ಅಲ್ಲಿವೆ. ಎಸ್ಟೆವೆಲ್‌ಗೆ ಹೋದ ದಿನವೇ ಅದನ್ನೂ ನೋಡಬಹುದು. ಭಾರತೀಯ ಸೈನಿಕರಿಗೆ ನವ್ ಶಪೆಲ್‌ನಲ್ಲಿ ಸ್ಮಾರಕ ಇದೆ. 1927ರಲ್ಲಿ ತೆರೆದದ್ದು, ದುಂಡನೆಯ ಆವರಣ, ಹದಿನೈದು ಮೀಟರ್ ಎತ್ತರದ ಕಂಬ, ಸಮಾಧಿ ಸಿಗದ 4,700ಕ್ಕೂ ಜಾಸ್ತಿ ಭಾರತೀಯರ ಹೆಸರು. ಎಸ್ಟೆವೆಲ್‌ನಿಂದ ಕಾರಿನಲ್ಲಿ ಅರ್ಧ ಗಂಟೆ. ದಯವಿಟ್ಟು ಇದನ್ನು ಬಿಡಬೇಡಿ. ಆ ಗೋಡೆಯ ಮುಂದೆ ನಿಂತು ಸಿಂಗ್, ಖಾನ್, ಗುರುಂಗ್, ರಾಮ್ ಅಂತ ಓದುತ್ತಾ ಹೋದರೆ ಕಾಲು ಮುಂದಕ್ಕೆ ಹೋಗುವುದಿಲ್ಲ.

ಲಾನ್ಸ್ ಹತ್ತಿರವೇ ನೋತ್ರ್ ದಾಮ್ ದ ಲೋರೆತ್ ಗುಡ್ಡದ ಮೇಲೆ 2014ರಲ್ಲಿ ಉಂಗುರದ ಆಕಾರದ ಸ್ಮಾರಕ ಕಟ್ಟಿದ್ದಾರೆ. ಆ ಭಾಗದಲ್ಲಿ ಸತ್ತ 5,79,606 ಜನರ ಹೆಸರು ಅಲ್ಲಿವೆ, ಅಕ್ಷರದ ಕ್ರಮದಲ್ಲಿ. ಯಾವ ದೇಶ, ಯಾವ ದರ್ಜೆ, ಯಾವ ಕಡೆಯವರು ಅಂತ ಬರೆದಿಲ್ಲ. ಜರ್ಮನ್ನನ ಪಕ್ಕ ಇಂಗ್ಲಿಷ್‌ನವನು.

ಇವರ ಜೊತೆ ಬೇರೆ ಭಾರತೀಯ ಪೈಲಟ್‌ಗಳು ಇದ್ದರಾ?

ಇದ್ದರು, ಬೆರಳೆಣಿಕೆ. ಹರ್‌ದಿತ್ ಸಿಂಗ್ ಮಲಿಕ್ ಪೇಟದ ಮೇಲೇ ಹೆಲ್ಮೆಟ್ ಕಟ್ಟಿಕೊಂಡು ಹಾರಿದವರು, ಗುಂಡೇಟು ತಿಂದೂ ಬದುಕಿದರು, ಸ್ವಾತಂತ್ರ್ಯದ ನಂತರ ಫ್ರಾನ್ಸಿಗೇ ಭಾರತದ ರಾಯಭಾರಿಯಾಗಿ ಹೋದರು. ಎರಾಲ್ ಚಂದರ್ ಸೇನ್ ಜರ್ಮನ್ನರಿಗೆ ಸೆರೆ ಸಿಕ್ಕು ಯುದ್ಧ ಮುಗಿದ ಮೇಲೆ ಬಿಡುಗಡೆಯಾದರು. ಬೊಂಬಾಯಿಯ ಶ್ರೀಕೃಷ್ಣ ವೆಲಿಂಕರ್ 1918ರ ಜೂನ್ ಕೊನೆಯಲ್ಲಿ ತೀರಿಕೊಂಡರು. ಇಂದ್ರಲಾಲ್‌ಗಿಂತ ಮೂರು ವಾರ ಮುಂಚೆ. ಅವರ ಸಮಾಧಿಯೂ ಫ್ರಾನ್ಸಿನಲ್ಲೇ, ಹಂಗಾರ್ ಅನ್ನುವ ಊರಿನಲ್ಲಿ. ಅಲ್ಲಿಗೆ ಹೋಗುವವರು ಇನ್ನೂ ಕಮ್ಮಿ.

ನಮ್ಮ ಕರ್ನಾಟಕದವರು ಯಾರಾದರೂ ಹೀಗೆ ದೂರದಲ್ಲಿ ಉಳಿದುಬಿಟ್ಟಿದ್ದಾರಾ?

ಇಂದ್ರಲಾಲ್ ಕಥೆ ಹೇಳುವಾಗ ನನಗೆ ನೆನಪಾಗುವವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ. ಯುದ್ಧ ಬೇರೆ, ಕಾಲ ಬೇರೆ. 7 ಸೆಪ್ಟೆಂಬರ್ 1965, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಮ್ಮವರ ದಾಳಿ. ದೇವಯ್ಯನವರು ಹಾರಿಸುತ್ತಿದ್ದದ್ದು ಮಿಸ್ಟೇರ್ ವಿಮಾನ. ಅದಕ್ಕಿಂತ ಎಷ್ಟೋ ವೇಗದ ಎಫ್-104 ಸ್ಟಾರ್‌ಫೈಟರ್ ಅವರನ್ನು ಅಟ್ಟಿಸಿಕೊಂಡು ಬಂತು. ಪೆಟ್ಟು ತಿಂದ ಮೇಲೂ ತಿರುಗಿ ನಿಂತು ಆ ಸ್ಟಾರ್‌ಫೈಟರನ್ನು ಕೆಡವಿದರು. ಅದರ ಪೈಲಟ್ ಹಾರಿಕೊಂಡು ಉಳಿದ. ದೇವಯ್ಯ ಮರಳಲಿಲ್ಲ. ನಮ್ಮವರ ಲೆಕ್ಕದಲ್ಲಿ ಅವರು ಬಹಳ ಕಾಲ ಬರೀ 'ಕಾಣೆಯಾದವರು'. ಆ ಕಾಳಗದ ವಿವರ ಆಚೆ ಕಡೆಯಿಂದ ಹೊರಬಂದ ಮೇಲೆ, 1988ರಲ್ಲಿ, ಇಪ್ಪತ್ತಮೂರು ವರ್ಷದ ನಂತರ ಮಹಾವೀರ ಚಕ್ರ ಬಂತು. ಬಂಗಾಳಿ ಕಲ್ಲಿನ ಮೇಲೂ ಮಹಾವೀರ, ಇಲ್ಲೂ ಮಹಾವೀರ. ಮಡಿಕೇರಿಯಲ್ಲಿ ಖಾಸಗಿ ಬಸ್ ನಿಲ್ದಾಣದ ಹತ್ತಿರ ಅವರ ಹೆಸರಿನ ವೃತ್ತ, ಪ್ರತಿಮೆ ಇದೆ. ಬಸ್ಸಿಗೆ ಕಾಯುವಾಗ ಒಂದು ನಿಮಿಷ ಅದರ ಮುಂದೆ ನಿಂತುಕೊಳ್ಳಿ.

ಮೊದಲ ಯುದ್ಧದ ಲೆಕ್ಕಕ್ಕೆ ಬಂದರೆ ಮೈಸೂರು ಲ್ಯಾನ್ಸರ್ಸ್ ಇದ್ದಾರೆ. 23 ಸೆಪ್ಟೆಂಬರ್ 1918ರಂದು ಈಗಿನ ಇಸ್ರೇಲಿನ ಹೈಫಾ ಪಟ್ಟಣ ಗೆದ್ದ ಕುದುರೆ ಪಡೆಯಲ್ಲಿ ಜೋಧಪುರದವರ ಜೊತೆ ಇದ್ದವರು. ಇಂದ್ರಲಾಲ್ ಪದಕ ಗೆಜೆಟ್‌ನಲ್ಲಿ ಬಂದ ಎರಡು ದಿನಕ್ಕೆ ಇದು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ.

ಬ್ರಿಟಿಷರ ಪರ ಹೋರಾಡಿದವರನ್ನು ನಾವ್ಯಾಕೆ ನೆನೆಯಬೇಕು?

ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಕೋಪ ಇಲ್ಲ. ನನ್ನ ಅಣ್ಣನೇ ಕೇಳಿದ. ಆದರೆ 1918ರ ಜುಲೈ ಹೇಗಿತ್ತು ಅಂತ ಸ್ವಲ್ಪ ನೋಡಬೇಕು. ಇಂದ್ರಲಾಲ್ ಆಕಾಶದಲ್ಲಿದ್ದ ಅದೇ ವಾರಗಳಲ್ಲಿ ಗಾಂಧೀಜಿ ಗುಜರಾತಿನ ಖೇಡಾ ಜಿಲ್ಲೆಯ ಹಳ್ಳಿ ಹಳ್ಳಿ ತಿರುಗಿ ಸೈನ್ಯಕ್ಕೆ ಸೇರಿ ಅಂತ ಜನರನ್ನು ಕೇಳುತ್ತಿದ್ದರು. ಯುದ್ಧದಲ್ಲಿ ಕೈ ಜೋಡಿಸಿದರೆ ಸ್ವರಾಜ್ಯ ಹತ್ತಿರ ಆಗುತ್ತದೆ ಅನ್ನುವ ನಂಬಿಕೆ ಆಗ ಬಹಳ ಜನರಿಗಿತ್ತು. ಆ ನಂಬಿಕೆ ಮುರಿದಿದ್ದು ಮರುವರ್ಷ, ರೌಲತ್ ಕಾಯ್ದೆ ಮತ್ತು ಜಲಿಯನ್‌ವಾಲಾ ಬಾಗ್‌ನಲ್ಲಿ. ಇಂದ್ರಲಾಲ್ ಅದನ್ನು ನೋಡಲು ಇರಲಿಲ್ಲ. ಸುಮಾರು 74,000 ಭಾರತೀಯರು ಆ ಯುದ್ಧದಲ್ಲಿ ಸತ್ತರು. ಸಾಮ್ರಾಜ್ಯಕ್ಕೆ ಒಂದು ನಮಸ್ಕಾರವನ್ನೂ ಹಾಕದೆ ಅವರನ್ನು ನಮ್ಮವರು ಅಂತ ಅಳಬಹುದು. ನಾನು ಎಸ್ಟೆವೆಲ್‌ನಲ್ಲಿ ನಿಂತಾಗ ನನ್ನ ಮುಂದೆ ಸಾಮ್ರಾಜ್ಯ ಇರಲಿಲ್ಲ, ಒಬ್ಬ ತಾಯಿಯ ಮಗ ಇದ್ದ.

ನಮ್ಮ ಮುತ್ತಜ್ಜನೂ ಯುದ್ಧಕ್ಕೆ ಹೋಗಿದ್ದರಂತೆ. ಹುಡುಕುವುದು ಹೇಗೆ?

ಕಮಿಷನ್ನಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಅವರ ಪಟ್ಟಿಯಲ್ಲಿ ಇರುವುದು ಯುದ್ಧದಲ್ಲಿ ಸತ್ತವರು ಮಾತ್ರ. ಮೊದಲ ಯುದ್ಧಕ್ಕೆ 4 ಆಗಸ್ಟ್ 1914ರಿಂದ 31 ಆಗಸ್ಟ್ 1921, ಎರಡನೆಯದಕ್ಕೆ 3 ಸೆಪ್ಟೆಂಬರ್ 1939ರಿಂದ 31 ಡಿಸೆಂಬರ್ 1947. ಅದರ ಆಚೆ ಈಚೆಯವರು, ಬದುಕಿ ವಾಪಸ್ ಬಂದವರು ಅಲ್ಲಿ ಸಿಗುವುದಿಲ್ಲ.

ನಮ್ಮ ಹೆಸರುಗಳ ದೊಡ್ಡ ತೊಂದರೆ ಸ್ಪೆಲ್ಲಿಂಗ್. ಗುಮಾಸ್ತನ ಕಿವಿಗೆ ಬಿದ್ದ ಹಾಗೆ ಬರೆದಿರುತ್ತಾನೆ. ಮುನಿಸ್ವಾಮಿ ಅನ್ನುವ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕೈದು ತರ ಬರೆದು ನೋಡಿ. ಪೂರ್ತಿ ಹೆಸರು ಹಾಕಬೇಡಿ, ಮೊದಲ ಮೂರು ನಾಲ್ಕು ಅಕ್ಷರ ಹಾಕಿ, ದಳದ ಹೆಸರಿನಿಂದ ಜಾಲಾಡಿ. ಎಷ್ಟೋ ಭಾರತೀಯ ದಾಖಲೆಗಳಲ್ಲಿ ಅಪ್ಪನ ಹೆಸರು, ಊರಿನ ಹೆಸರೂ ಇರುತ್ತದೆ. ಅದು ಸಿಕ್ಕರೆ ಗುರುತು ಹಿಡಿಯುವುದು ಸಲೀಸು. ಮನೆಯಲ್ಲಿ ಹಳೆ ಟ್ರಂಕ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ಪದಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ನಂಬರ್, ಹೆಸರು, ದಳ ಕೆತ್ತಿರುತ್ತಾರೆ. ಪಾಲಿಶ್ ಹಾಕಿ ಉಜ್ಜಬೇಡಿ, ಅಕ್ಷರ ಸವೆದು ಹೋಗುತ್ತದೆ. ಸ್ವಾತಂತ್ರ್ಯದ ನಂತರದ ಯುದ್ಧಗಳಲ್ಲಿ ಹೋದವರಾದರೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ ನೋಡಿ, ಅದು 2019ರಲ್ಲಿ ತೆರೆದದ್ದು.

ಎಸ್ಟೆವೆಲ್‌ಗೆ ಹೋಗುವುದು ಹೇಗೆ, ಯಾವಾಗ?

ಪ್ಯಾರಿಸ್‌ನಿಂದ ಲಾನ್ಸ್‌ಗೆ ರೈಲು ಇದೆ, ಒಂದು ಗಂಟೆ ಚಿಲ್ಲರೆ. ಅಲ್ಲಿಂದ ಟ್ಯಾಕ್ಸಿ ಅಥವಾ ಬಾಡಿಗೆ ಕಾರು. ಲೀಲ್ ನಗರದಲ್ಲಿ ನೆಂಟರಿದ್ದರೆ ಇನ್ನೂ ಹತ್ತಿರ. ಕಾರು ಇದ್ದರೆ ಎಸ್ಟೆವೆಲ್, ನವ್ ಶಪೆಲ್, ಆರಾಸ್ ಮೂರನ್ನೂ ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ಬೆಳಗ್ಗೆ ಬೇಗ ಹೊರಡಿ. ನವೆಂಬರ್ ಒಂದರ ಆಸುಪಾಸು ಊರವರೆಲ್ಲ ಸೇವಂತಿಗೆ ಕುಂಡ ಹಿಡಿದು ತಮ್ಮ ಹಿರಿಯರ ಗೋರಿಗೆ ಬರುತ್ತಾರೆ. ನಮ್ಮ ಪಿತೃಪಕ್ಷದ ಹಾಗೇ ಅನ್ನಿ. ಆಗ ಹೋದರೆ ಸ್ಮಶಾನ ತುಂಬ ಹೂವು. ಬೇರೆ ದಿನ ಹೋದರೆ ನೀವೊಬ್ಬರೇ ಇರುತ್ತೀರಿ. ಎದುರಿಗೆ ಯಾರಾದರೂ ಸಿಕ್ಕರೆ 'ಬೊಂಜೂರ್' ಅನ್ನಿ, ಗಟ್ಟಿಯಾಗಿ ಮಾತಾಡಬೇಡಿ, ಬೇರೆಯವರ ಗೋರಿಯ ಮೇಲೆ ಬ್ಯಾಗ್ ಇಡಬೇಡಿ.

ಅಷ್ಟು ದೂರ ಹೋಗಲು ಆಗುವುದಿಲ್ಲ. ಇಲ್ಲಿಂದಲೇ ಏನಾದರೂ ಮಾಡಬಹುದಾ?

ಮಾಡಬಹುದು. ಕೋಲ್ಕತ್ತಾಗೆ ಹೋದರೆ ಭವಾನಿಪುರದಲ್ಲಿ ಅವರ ಹೆಸರಿನ ಇಂದ್ರ ರಾಯ್ ರಸ್ತೆ ಇದೆ. ಬೆಂಗಳೂರಿನವರು ಹೊಸೂರು ರಸ್ತೆಯ ಸ್ಮಶಾನಕ್ಕೆ ಹೋಗಿ, ಅಲ್ಲಿಯೂ ಕಮಿಷನ್ ನೋಡಿಕೊಳ್ಳುವ ಯುದ್ಧ ಸಮಾಧಿಗಳಿವೆ. ಎಲ್ಲಿಂದಲೋ ಬಂದು ಇಲ್ಲಿ ಸತ್ತ ಹುಡುಗರು. ಅವರ ಮನೆಯವರಿಗೂ ನಮ್ಮೂರು ಅಷ್ಟೇ ದೂರ.

1998ರಲ್ಲಿ, ಅವರು ಹುಟ್ಟಿ ನೂರು ವರ್ಷ ಆದಾಗ ನಮ್ಮ ಅಂಚೆ ಇಲಾಖೆ ಇಂದ್ರಲಾಲ್ ಹೆಸರಿನಲ್ಲಿ ಅಂಚೆಚೀಟಿ ತಂದಿತ್ತು. ಹಳೆ ಸ್ಟ್ಯಾಂಪ್ ಮಾರುವವರ ಹತ್ತಿರ ಈಗಲೂ ಸಿಗುತ್ತದೆ. ನಾನು ಒಂದು ತಂದು ಚಿಕ್ಕಮ್ಮನಿಗೆ ಕೊಟ್ಟೆ. ಅವರು ಗಾಜು ಹಾಕಿಸಿ ಹಜಾರದಲ್ಲಿ ತಾತನ ಫೋಟೋ ಪಕ್ಕ ತೂಗುಹಾಕಿದ್ದಾರೆ. ಜುಲೈ 22ಕ್ಕೆ ಫ್ರಾನ್ಸಿಗೆ ಹೋಗಿ ಬಂದ ಅದೇ ಪೊಟ್ಟಣ ಬಿಚ್ಚುತ್ತಾರೆ. ತಾತನ ಫೋಟೋಗೆ ಹಣೆಗೇ ಕುಂಕುಮ. ಪಕ್ಕದ್ದಕ್ಕೆ ಮರದ ಚೌಕಟ್ಟಿನ ಕೆಳಗೆ, ಗೋಡೆಗೆ ಒಂದು ಬೊಟ್ಟು. ಗಾಜನ್ನು ಮುಟ್ಟುವುದಿಲ್ಲ.